ಅಗ್ಗದ ಪಾನಾ (ಸ್ಪ್ಯಾನರ್) ಸೆಟ್ ತಗೋಬಹುದೇನ್ರಿ? ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸರ್, ಈ ಸೆಟ್ ತಗೋಬಹುದೇನ್ರಿ?" ಎಂದು ಫೋಟೊ ಕಳಿಸುವವರು ವಾರಕ್ಕೆ ಒಬ್ಬರಾದರೂ ಇದ್ದೇ ಇರುತ್ತಾರೆ. ಬೆಳಗಾವಿಯಿಂದ ಬರಲಿ, ಜಮಖಂಡಿಯಿಂದ ಬರಲಿ, ಇಂಡಿಯಿಂದ ಬರಲಿ, ಫೋಟೊ ಮಾತ್ರ ಹೆಚ್ಚೂಕಮ್ಮಿ ಒಂದೇ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಾಲಾಗಿ ಹೊಳೆಯುವ ನಲವತ್ತಾರು ಪೀಸು, ಕೆಳಗೆ ಅರ್ಧಕ್ಕೆ ಇಳಿಸಿದ ಬೆಲೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವುದಕ್ಕಿಂತ ಒಮ್ಮೆ ಎಲ್ಲವನ್ನೂ ಕೂಡಿಸಿ ಹೇಳುವುದು ಒಳ್ಳೆಯದು ಅನಿಸಿತು.

ಇದು ಗ್ಯಾರೇಜ್ ನಡೆಸುವವರಿಗೆ ಬರೆದದ್ದಲ್ಲ. ಭಾನುವಾರ ಅಂಗಳದಲ್ಲಿ ಬೈಕಿನ ಆಯಿಲ್ ಬದಲಿಸುವವರು, ಸಣ್ಣ ಕಾರಿನ ಏರ್ ಫಿಲ್ಟರ್, ಬ್ಯಾಟರಿ, ಬ್ರೇಕ್ ಪ್ಯಾಡ್ ನೋಡಿಕೊಳ್ಳುವವರು, ಹೊಲದ ಪಂಪಿನ ನಟ್ಟು ಬಿಗಿ ಮಾಡುವವರು, ಮಕ್ಕಳ ಸೈಕಲ್ ಸರಿಮಾಡುವವರು ಓದಿಕೊಳ್ಳಲಿ.

ಅಗ್ಗದ ಸಾಮಾನು ಕೊಳ್ಳಬಹುದೇ ಎಂದರೆ ನನ್ನ ಉತ್ತರ ಇಷ್ಟೇ: ಕೊಳ್ಳುವ ಮೊದಲು ಪ್ರತಿ ಸಾಮಾನಿಗೂ ಒಂದು ಪ್ರಶ್ನೆ ಹಾಕಿ. ಇದು ಕೈಕೊಟ್ಟರೆ ಏನು ಕೆಡುತ್ತದೆ? ಸಾಮಾನೇ ಕೆಡುವುದಾದರೆ ಅಗ್ಗದ್ದು ತೆಗೆದುಕೊಳ್ಳಿ. ಬೋಲ್ಟು ಕೆಡುವುದಾದರೆ ನಡುವಿನ ದರ್ಜೆಗೆ ಹೋಗಿ. ನಿಮ್ಮ ಕೈ, ಕಣ್ಣು, ಜೀವಕ್ಕೆ ಕುತ್ತು ಬರುವುದಾದರೆ ಬೆಲೆಯ ಚೌಕಾಸಿ ಬಿಟ್ಟುಬಿಡಿ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹೊರಟಿವೆ.

ಹಂತ 1: ಮೊದಲು ಕೆಲಸ ಬರೆದುಕೊಳ್ಳಿ, ಆಮೇಲೆ ಸಾಮಾನು

ಒಂದು ನೋಟ್‌ಬುಕ್ ಹಿಡಿದು ನಿಮ್ಮ ಗಾಡಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ನೀವೇ ಮಾಡಬೇಕೆಂದಿರುವ ಕೆಲಸ ಬರೆಯಿರಿ: ಆಯಿಲ್ ಬದಲು, ಚೈನ್ ಬಿಗಿ, ಸ್ಪಾರ್ಕ್ ಪ್ಲಗ್ ಸ್ವಚ್ಛ, ಬ್ಯಾಟರಿ ತೆಗೆದು ಹಾಕುವುದು. ಪ್ರತಿ ಕೆಲಸಕ್ಕೂ ಯಾವ ಬೋಲ್ಟು ಬಿಚ್ಚಬೇಕು, ಅದರ ತಲೆ ಎಷ್ಟು ಮಿಲಿಮೀಟರ್ ಎಂದು ಎದುರಿಗೆ ಬರೆಯಿರಿ. ಪಕ್ಕದ ಮನೆಯವರ ಪಾನಾ ಅರ್ಧ ಗಂಟೆ ಕಡ ತಂದರೂ ಇಷ್ಟು ಕೆಲಸ ಆಗುತ್ತದೆ.

ಬರೆದು ಮುಗಿಸಿದ ಮೇಲೆ ಬಹಳ ಜನರಿಗೆ ಆಶ್ಚರ್ಯವಾಗುತ್ತದೆ. ನೂರು ಸಿಸಿ ಆಸುಪಾಸಿನ ಬೈಕಿನಲ್ಲಿ 8, 10, 12, 14, 17 ಇಷ್ಟು ಅಳತೆಯಲ್ಲಿ ಮುಕ್ಕಾಲು ಗಾಡಿ ಬಿಚ್ಚಿಬಿಡಬಹುದು. ಅದರ ಜೊತೆಗೆ ಪ್ಲಗ್ ಪಾನಾ, ಎರಡು ಸ್ಕ್ರೂ ಡ್ರೈವರ್, ಎರಡು-ಮೂರು ಆಲನ್ ಕೀ, ಅಂದರೆ ಆರು ಮೂಲೆಯ ತೂತಿನ ಬೋಲ್ಟಿಗೆ ಹಾಕುವ ಬಾಗಿದ ಕಡ್ಡಿ. ನಲವತ್ತಾರು ಪೀಸಿನ ಅಗತ್ಯ ಎಲ್ಲಿಯೂ ಕಾಣುವುದಿಲ್ಲ.

ಇಲ್ಲಿ ಎಡವುವ ಜಾಗ ಮೂರು.

ಒಂದು: ಒಂದೇ ದಪ್ಪದ ಬೋಲ್ಟಿಗೆ ಬೇರೆ ಬೇರೆ ತಲೆ ಇರುತ್ತದೆ. ಎಂಟು ಮಿಲಿಮೀಟರ್ ದಪ್ಪದ ಬೋಲ್ಟಿಗೆ ಜಪಾನಿ ಪದ್ಧತಿಯ ಗಾಡಿಯಲ್ಲಿ 12ರ ತಲೆ, ಬೇರೆ ಕಡೆ 13ರ ತಲೆ. ಹತ್ತು ಮಿಲಿಮೀಟರಿನದಕ್ಕೆ 14, 16, 17 ಮೂರೂ ಸಿಗುತ್ತವೆ. ಆದ್ದರಿಂದ ಗೆಳೆಯನ ಗಾಡಿ ನೋಡಿ ಸೆಟ್ ಕೊಳ್ಳಬೇಡಿ.

ಎರಡು: ಪ್ಲಗ್. ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆಯ ಭಾಗ, 10 ಮಿಲಿಮೀಟರ್ ಇದ್ದ ಸಣ್ಣ ಪ್ಲಗ್ಗಿಗೆ ಸಾಮಾನ್ಯವಾಗಿ 16ರ ಗೋಟಿ ಬೇಕು, 12ರ ಥ್ರೆಡ್ಡಿಗೆ 18, ಹಳೆಯ ದಪ್ಪ 14ರ ಥ್ರೆಡ್ಡಿಗೆ ಬಹುತೇಕ 21. ಗೋಟಿ ಎಂದರೆ ಸಾಕೆಟ್, ಬೋಲ್ಟಿನ ತಲೆಯನ್ನು ಟೊಪ್ಪಿಗೆಯಂತೆ ಪೂರ್ತಿ ಮುಚ್ಚಿ ಹಿಡಿಯುವ ಪಾನಾ.

ಮೂರು: ಹಳೆಯ ಟ್ರ್ಯಾಕ್ಟರ್. ಮುಧೋಳ, ರಬಕವಿ ಕಡೆಯ ಓದುಗರು ಇದನ್ನು ಗಮನಿಸಬೇಕು. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಬೋಲ್ಟುಗಳಿವೆ. ಅರ್ಧ ಇಂಚಿನ ತಲೆ ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂಡುತ್ತದೆ, ಕೂತಂತೆ ಅನಿಸುತ್ತದೆ, ಬಲ ಬಿದ್ದಾಗ ಜಾರುತ್ತದೆ. ಅಂಥ ಗಾಡಿ ಇದ್ದರೆ ಇಂಚಿನ ಪಾನಾಗಳನ್ನೇ ಬೇರೆ ತೆಗೆದುಕೊಳ್ಳಿ.

ಹಂತ 2: ಪಟ್ಟಿಯನ್ನು ಮೂರು ಪಾಲು ಮಾಡಿ

ಮೊದಲ ಪಾಲು, ಕೆಟ್ಟರೆ ತಾನೊಂದೇ ಕೆಡುವ ಸಾಮಾನು. ಆಯಿಲ್ ಹಿಡಿಯುವ ಟ್ರೇ, ಫನೆಲ್, ಚೈನ್ ಬ್ರಶ್, ಬಿದ್ದ ನಟ್ಟು ಎತ್ತುವ ಮ್ಯಾಗ್ನೆಟ್ ಕಡ್ಡಿ, ಅಳತೆ ಟೇಪು, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಪಟ್ಟಿ, ಹ್ಯಾಕ್ಸಾ ಫ್ರೇಮ್, ನಟ್ಟು ಇಡುವ ಡಬ್ಬಿ. ಇವನ್ನು ಕಣ್ಣು ಮುಚ್ಚಿ ಅಗ್ಗದ್ದು ತನ್ನಿ. ಹ್ಯಾಕ್ಸಾದಲ್ಲಿ ಒಂದು ಮಾತು: ಫ್ರೇಮ್ ಅಗ್ಗದ್ದಿರಲಿ, ಬ್ಲೇಡ್ ಒಳ್ಳೆಯದಿರಲಿ. ಕೊಯ್ಯುವುದು ಬ್ಲೇಡು.

ಎರಡನೆಯ ಪಾಲು, ಕೆಟ್ಟರೆ ಬೋಲ್ಟನ್ನೂ ಕೆಡಿಸುವ ಸಾಮಾನು. ಪಾನಾ, ಗೋಟಿ, ಸ್ಕ್ರೂ ಡ್ರೈವರ್, ಆಲನ್ ಕೀ, ಪ್ಲಗ್ ಪಾನಾ, ಇಕ್ಕಳ. ನಾವು ಅತಿ ಹೆಚ್ಚು ದುಡ್ಡು ಉಳಿಸಲು ಹೋಗುವುದು ಇಲ್ಲೇ, ಅತಿ ಹೆಚ್ಚು ದುಡ್ಡು ದಂಡವಾಗುವುದೂ ಇಲ್ಲೇ. ಪಾನಾದ ಬಾಯಿ ಕೂದಲೆಳೆಯಷ್ಟು ಹಿಗ್ಗಿದರೂ ಬೋಲ್ಟಿನ ಆರು ಮೂಲೆಗಳು ಸವೆದು ಗುಂಡಗಾಗುತ್ತವೆ. ಪಾನಾ ಬದಲಿಸಬಹುದು, ಗುಂಡಗಾದ ಬೋಲ್ಟು ಎಂಜಿನ್ನಿನಲ್ಲೇ ಕೂತಿರುತ್ತದೆ.

ನನ್ನ ಮೊದಲ ಸೆಟ್ಟು ರಸ್ತೆಬದಿಯಲ್ಲಿ ಕೊಂಡದ್ದು. ಅದರ 17ರ ರಿಂಗ್ ಪಾನಾದಿಂದ, ಅಂದರೆ ಬೋಲ್ಟಿನ ತಲೆಯ ಸುತ್ತ ಬಳೆಯಂತೆ ಕೂರುವ ಪಾನಾದಿಂದ, ಬೈಕಿನ ಆಯಿಲ್ ಬೋಲ್ಟು ತಿರುಗಿಸಿದೆ. ಮೊದಲ ಸಲ ಕಟ್ ಎಂದು ಸದ್ದಾಯಿತು. ಬೋಲ್ಟು ಬಿಟ್ಟಿತು ಅಂದುಕೊಂಡೆ, ಬಿಟ್ಟದ್ದು ಮೂಲೆ. ಎರಡನೆಯ ಸಲಕ್ಕೆ ತಲೆ ಸವೆದು ನುಣ್ಣಗಾಗಿತ್ತು. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪಿಗೆ ಒಯ್ದೆ. ಅವರು ಆ ತಲೆಯ ಮೇಲೆ ಒಂದು ನಟ್ಟು ವೆಲ್ಡ್ ಮಾಡಿ ತೆಗೆದರು. ಅದೃಷ್ಟಕ್ಕೆ ಕೆಳಗಿನ ಅಲ್ಯೂಮಿನಿಯಂ ಥ್ರೆಡ್ ಉಳಿದಿತ್ತು. ಆ ದಿನದ ಟೆಂಪೋ ಬಾಡಿಗೆಯಲ್ಲೇ ಒಂದು ಒಳ್ಳೆಯ ರಿಂಗ್ ಪಾನಾ ಬರುತ್ತಿತ್ತು.

ಮೂರನೆಯ ಪಾಲು, ಕೆಟ್ಟರೆ ಮನುಷ್ಯನನ್ನು ಕೆಡಿಸುವ ಸಾಮಾನು. ಜ್ಯಾಕು, ಜ್ಯಾಕ್ ಸ್ಟ್ಯಾಂಡು, ಗ್ರೈಂಡರ್ ಡಿಸ್ಕು, ಕಣ್ಣಿನ ಗಾಗಲ್, ಮನೆಯ ಕರೆಂಟು ನೋಡುವ ಮೀಟರ್, ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಅದುಮುವ ಕ್ಲ್ಯಾಂಪು, ಉಳಿ, ಸುತ್ತಿಗೆ. ಇದರಲ್ಲಿ ಹೆಸರಿಲ್ಲದ ಮಾಲು ಬೇಡವೇ ಬೇಡ. ಕೈಯಲ್ಲಿ ದುಡ್ಡು ಇಲ್ಲದಿದ್ದರೆ ಆ ಕೆಲಸವನ್ನೇ ಗ್ಯಾರೇಜಿಗೆ ಬಿಡಿ.

ಜ್ಯಾಕಿನ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕು. ಕಾರಿನ ಜೊತೆ ಬರುವ ಜ್ಯಾಕು ಟೈರ್ ಬದಲಿಸುವುದಕ್ಕೆ ಮಾತ್ರ. ಯಾವ ಜ್ಯಾಕೇ ಇರಲಿ, ಎಷ್ಟೇ ಬೆಲೆಯದಿರಲಿ, ಅದೊಂದರ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಹೈಡ್ರಾಲಿಕ್ ಜ್ಯಾಕಿನೊಳಗೆ ಭಾರ ತಡೆಯುವುದು ಎಣ್ಣೆ ಮತ್ತು ಒಂದು ರಬ್ಬರ್ ಸೀಲು. ಸೀಲು ಸವೆದರೆ ಗಾಡಿ ಇಳಿಯುತ್ತದೆ, ಕೆಲವೊಮ್ಮೆ ನಿಧಾನಕ್ಕೆ, ಕೆಲವೊಮ್ಮೆ ಒಮ್ಮೆಲೇ. ಜ್ಯಾಕಿನಿಂದ ಎತ್ತಿ, ಎರಡು ಸ್ಟ್ಯಾಂಡ್ ಕೊಟ್ಟು, ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿ, ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಸ್ಟ್ಯಾಂಡಿನ ಬದಲು ಸಿಮೆಂಟಿನ ಟೊಳ್ಳು ಇಟ್ಟಿಗೆ ಇಡುವವರನ್ನು ನೋಡಿದ್ದೇನೆ, ಎದೆ ಝಲ್ಲೆನ್ನುತ್ತದೆ. ಅದು ಮೊದಲು ಬಿರುಕು ತೋರಿಸುವುದಿಲ್ಲ, ನೇರವಾಗಿ ಪುಡಿಯಾಗುತ್ತದೆ. ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನ ಅಂಗಳದಲ್ಲಿ ಇನ್ನೊಂದು ಅಪಾಯವಿದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ಆ ನೆಲ ಒಂದು ಮಳೆಗೆ ಬೆಣ್ಣೆಯಾಗುತ್ತದೆ, ಸ್ಟ್ಯಾಂಡಿನ ಒಂದು ಕಾಲು ಹೂತು ಗಾಡಿ ವಾಲುತ್ತದೆ. ದಪ್ಪ ಹಲಗೆ ಹಾಸಿ, ಆಗದಿದ್ದರೆ ಕಾಂಕ್ರೀಟ್ ನೆಲಕ್ಕೆ ಗಾಡಿ ಒಯ್ಯಿರಿ.

ಹಂತ 3: ಸೆಟ್ಟೋ, ಬಿಡಿಯೋ?

ಆ ನಲವತ್ತಾರು ಪೀಸಿನ ಡಬ್ಬಿಯನ್ನು ಬಿಚ್ಚಿ ಎಣಿಸೋಣ. ಗೋಟಿಗಳು ಹದಿಮೂರರ ಆಸುಪಾಸು, 4ರಿಂದ 14 ಮಿಲಿಮೀಟರ್‌ವರೆಗೆ. ಒಂದು ರ‍್ಯಾಚೆಟ್, ಅಂದರೆ ಒಂದೇ ಕಡೆಗೆ ಬಲ ಕೊಟ್ಟು ಹಿಂದಕ್ಕೆ ಬರುವಾಗ ಕರಕರ ಸದ್ದು ಮಾಡುತ್ತ ಸಡಿಲವಾಗಿ ಬರುವ ಹಿಡಿ. ಒಂದೆರಡು ಉದ್ದದ ಕಡ್ಡಿ. ಉಳಿದದ್ದರಲ್ಲಿ ಬಹುಪಾಲು ಸ್ಕ್ರೂ ಬಿಟ್ಟುಗಳು, ಅಂದರೆ ಹಿಡಿಗೆ ಸಿಕ್ಕಿಸುವ ಸ್ಕ್ರೂ ಡ್ರೈವರ್ ತುದಿಗಳು. ಪೀಸಿನ ಸಂಖ್ಯೆ ಹೆಚ್ಚಿಸುವುದೇ ಈ ಬಿಟ್ಟುಗಳು.

ಇದರ ಡ್ರೈವ್ ಕಾಲು ಇಂಚು. ರ‍್ಯಾಚೆಟ್ಟಿನ ತುದಿಯಲ್ಲಿ ಗೋಟಿ ಸಿಕ್ಕಿಸುವ ಚೌಕ ಇರುತ್ತದಲ್ಲ, ಅದರ ಅಳತೆಗೆ ಡ್ರೈವ್ ಎನ್ನುತ್ತಾರೆ. ಕಾಲು, ಮೂರೆಂಟಾಂಶ, ಅರ್ಧ ಇಂಚು ಎಂದು ಮೂರು ಬಗೆ ನಮಗೆ ಬೇಕಾದವು. ಕಾಲು ಇಂಚಿನದು ಬೈಕಿನ ಸೈಡ್ ಕವರ್, ಬ್ಯಾಟರಿ ಟರ್ಮಿನಲ್, ಸೈಕಲ್, ಮಿಕ್ಸರ್ ಇಂಥ ಸಣ್ಣ ಕೆಲಸಕ್ಕೆ. ಹತ್ತರ ತಲೆಯ ಬೋಲ್ಟಿನವರೆಗೆ ಅದು ಚೆನ್ನಾಗಿ ದುಡಿಯುತ್ತದೆ. ಅದರಿಂದಲೇ ಹಿಂಚಕ್ರದ ಆಕ್ಸಲ್ ನಟ್ಟು ಬಿಚ್ಚಲು ಹೋದರೆ ರ‍್ಯಾಚೆಟ್ಟಿನ ಒಳಹಲ್ಲು ಮುರಿಯುತ್ತದೆ. ಹಾಗೆ ಮುರಿದ ಮೇಲೆ "ಸೆಟ್ ಸರಿ ಇಲ್ಲ" ಎನ್ನುತ್ತಾರೆ. ಸೆಟ್ಟಿನ ತಪ್ಪು ಅರ್ಧ, ಕೆಲಸ ಆರಿಸಿದವರ ತಪ್ಪು ಅರ್ಧ.

ಹಾಗಾಗಿ ನನ್ನ ಸಲಹೆ: ಸಣ್ಣ ಕೆಲಸಕ್ಕೆ ಕಾಲು ಇಂಚಿನ ಸಾಧಾರಣ ಸೆಟ್ ತೆಗೆದುಕೊಳ್ಳಿ, ಪರವಾಗಿಲ್ಲ. ದೊಡ್ಡ ಬೋಲ್ಟಿಗೆ ಅರ್ಧ ಇಂಚಿನ ಹಿಡಿ ಒಂದು, ಗೋಟಿ ನಿಮ್ಮ ಪಟ್ಟಿಯಲ್ಲಿರುವಷ್ಟೇ, ಬಿಡಿಯಾಗಿ, ಹೆಸರಿರುವ ಕಂಪನಿಯದು. ರಿಂಗ್ ಪಾನಾ ಮತ್ತು ಫಿಕ್ಸ್ ಪಾನಾ, ಅಂದರೆ ಎರಡೂ ತುದಿ ತೆರೆದ ಬಾಯಿಯ ಪಾನಾ, ಎಂಟು ಪೀಸಿನ ಸೆಟ್ ಬರುತ್ತದೆ: 6-7ರಿಂದ ಹಿಡಿದು 20-22ರವರೆಗೆ. ಒಂದೇ ಸೆಟ್ಟಿಗೆ ದುಡ್ಡಿದ್ದರೆ ರಿಂಗ್ ಪಾನಾದ್ದೇ ತೆಗೆದುಕೊಳ್ಳಿ. ಫಿಕ್ಸ್ ಪಾನಾ ಬೋಲ್ಟನ್ನು ಎರಡೇ ಮಗ್ಗುಲಲ್ಲಿ ಹಿಡಿಯುತ್ತದೆ, ರಿಂಗು ಸುತ್ತಲೂ ಹಿಡಿಯುತ್ತದೆ.

ನಡುವಿನ ದರ್ಜೆಗೆ ನಾವು ದೂರ ಹೋಗಬೇಕಿಲ್ಲ. ಟಪಾರಿಯಾ ಕಂಪನಿ ನಾಸಿಕದ್ದು. ಪಂಜಾಬಿನ ಜಲಂಧರ್, ಲೂಧಿಯಾನಾಗಳಲ್ಲಿ ಕೈ ಉಪಕರಣಗಳ ಕಾರ್ಖಾನೆಗಳು ಸಾಲುಸಾಲಾಗಿವೆ, ಅಲ್ಲಿಂದ ಹೊರದೇಶಕ್ಕೂ ಮಾಲು ಹೋಗುತ್ತದೆ. ಇಕ್ಕಳಕ್ಕೆ ಐಎಸ್ 3650, ಫಿಕ್ಸ್ ಪಾನಾಕ್ಕೆ ಐಎಸ್ 2028 ಎಂದು ಭಾರತೀಯ ಮಾನಕಗಳೇ ಇವೆ. ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಇದೆಯೇ ನೋಡಿ. ಹವ್ಯಾಸಕ್ಕೆ ಮಾಡುವವರಿಗೆ ಈ ದರ್ಜೆ ಸಾಕು, ಬಹುಕಾಲ ಬಾಳುತ್ತದೆ.

"ಕ್ರೋಮ್ ವೆನೇಡಿಯಂ ಅಂತ ಬರೆದಾರಲ್ರೀ" ಎಂದು ಕೇಳುವವರಿಗೆ: ಅದು ಉಕ್ಕಿನಲ್ಲಿ ಏನು ಬೆರೆಸಿದೆ ಎಂಬುದಷ್ಟೇ. ಆ ಉಕ್ಕಿಗೆ ಹದ ಬರುವುದು ಶಾಖ ಕೊಟ್ಟು ತಣಿಸುವ ರೀತಿಯಿಂದ. ಊರಿನ ಕಮ್ಮಾರ ಕುಡಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನಲ್ಲ, ಅದೇ ಲೆಕ್ಕ. ಹದ ಕಡಿಮೆಯಾದರೆ ಬಾಯಿ ಹಿಗ್ಗುತ್ತದೆ, ಹೆಚ್ಚಾದರೆ ಗಾಜಿನಂತೆ ಸಿಡಿಯುತ್ತದೆ. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ನೆಂಟರಲ್ಲೋ ಗೆಳೆಯರಲ್ಲೋ ಇದ್ದೇ ಇರುತ್ತಾರೆ. ಮುರಿದ ಪಾನಾ ಒಂದನ್ನು ಅವರ ಕೈಗೆ ಕೊಟ್ಟು ನೋಡಿ. ಮುರಿದ ಮುಖದಲ್ಲಿ ಸಕ್ಕರೆ ಹರಳಿನಂತೆ ದಪ್ಪ ಕಣ ಮಿನುಗುತ್ತಿದ್ದರೆ ಹದ ಕೆಟ್ಟ ಮಾಲು ಎಂದು ಅವರೇ ಹೇಳುತ್ತಾರೆ.

ಹಂತ 4: ಅಂಗಡಿಯ ಕಟ್ಟೆಯ ಮೇಲೆ ಪರೀಕ್ಷೆ

ಆನ್‌ಲೈನ್‌ಗಿಂತ ಅಂಗಡಿಯಲ್ಲಿ ಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ, ಕೈಯಲ್ಲಿ ಹಿಡಿದು ನೋಡಬಹುದು. ಜೇಬಿನಲ್ಲಿ 10ರ ತಲೆಯ, 14ರ ತಲೆಯ ಹೊಸ ಬೋಲ್ಟು ಒಂದೊಂದು ಇಟ್ಟುಕೊಂಡು ಹೋಗಿ. ಪಾನಾ ಹಾಕಿ ಅತ್ತಿತ್ತ ಅಲುಗಾಡಿಸಿ. ಒಂದಿಷ್ಟು ಸಡಿಲ ಇರುವುದು ಸಹಜ, ಆದರೆ ಮೂಲೆ ಮೇಲೆ ಹತ್ತಿ ಕೂರುವಷ್ಟು ಆಡುತ್ತಿದ್ದರೆ ಬಿಟ್ಟುಬಿಡಿ.

ಗೋಟಿಯೊಳಗೆ ಇಣುಕಿ ನೋಡಿ. ಆರು ಮೂಲೆಯದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ಹಾಕಲು ಸುಲಭ, ಆದರೆ ಅರ್ಧ ಸವೆದ ಬೋಲ್ಟಿನ ಮೇಲೆ ಬೇಗ ಜಾರುತ್ತದೆ. ಅಗ್ಗದ ಮಾಲಿನಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಇಕ್ಕಳವನ್ನು ಮುಚ್ಚಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ತಂತಿ ಕತ್ತರಿಸುವ ಅಂಚಿನ ಉದ್ದಕ್ಕೂ ಬೆಳಕಿನ ಗೆರೆ ಕಾಣಬಾರದು. ಬೆಳಕು ತೂರಿದರೆ ಆ ಇಕ್ಕಳ ತಂತಿಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಅಂಗಡಿಯವರು ಒಪ್ಪಿದರೆ ಹಲ್ಲಿನ ಮೂಲೆಗೆ ಒಂದು ಸಣ್ಣ ಅರವನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿ ಉಕ್ಕಿನ ಮೇಲೆ ಅರ ಜಾರುತ್ತದೆ. ಕಚ್ಚಿ ಪುಡಿ ಬಿದ್ದರೆ ಉಕ್ಕು ಮೆತ್ತಗಿದೆ.

ಸ್ಕ್ರೂ ಡ್ರೈವರಿನಲ್ಲಿ ಒಂದು ಗುಟ್ಟಿದೆ. ಜಪಾನಿ ಮೂಲದ ಬೈಕುಗಳಲ್ಲಿ ಎಂಜಿನ್ ಕವರಿನ ಪ್ಲಸ್ ಗುರುತಿನ ಸ್ಕ್ರೂಗಳು ಜಪಾನಿ ಮಾನಕದವು. ತಲೆಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಚುಕ್ಕಿ ಇರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂಡುವುದಿಲ್ಲ, ಬಲ ಕೊಟ್ಟರೆ ಮೇಲೆದ್ದು ತೂತನ್ನು ಬಟ್ಟಲು ಮಾಡುತ್ತದೆ. ಆ ಸ್ಕ್ರೂಗೆ ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು ಇಟ್ಟುಕೊಳ್ಳಿ. ಇದು ಅಗ್ಗದ್ದಾದರೂ ನಡೆಯುತ್ತದೆ, ಅದರ ತುದಿಗೆ ಹಾಕುವ ಬಿಟ್ ಮಾತ್ರ ಒಳ್ಳೆಯದಿರಲಿ.

ನಕಲಿ ಮಾಲು. ಹೆಸರಿನಲ್ಲಿ ಒಂದಕ್ಷರ ಬದಲಿಸಿ, ಬಣ್ಣ ಹಾಗೇ ಇಟ್ಟು ಮಾರುವುದುಂಟು. ಅಕ್ಷರ ಒತ್ತಿ ಮೂಡಿದೆಯೋ, ಬರೀ ಬಣ್ಣದಲ್ಲಿದೆಯೋ ನೋಡಿ. ಅದೇ ಅಳತೆಯ ಅಸಲಿ ಪಾನಾ ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ಹಂತ 5: ಮನೆಗೆ ತಂದ ಮೇಲೆ ಪರೀಕ್ಷೆ

ಅಳತೆಯ ಸಾಮಾನುಗಳಲ್ಲಿ ಅಗ್ಗದ್ದು ಕೊಳ್ಳಬಹುದು, ಒಂದು ಷರತ್ತಿನ ಮೇಲೆ: ಮೊದಲು ಅದರ ಸತ್ಯ ನೀವೇ ಪರೀಕ್ಷಿಸಬೇಕು. ಓದುಗರು ಅತಿ ಹೆಚ್ಚು ಬಿಟ್ಟುಬಿಡುವ ಹಂತ ಇದು.

ಡಿಜಿಟಲ್ ವರ್ನಿಯರ್, ಅಂದರೆ ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ: ಇದರ ಪರೀಕ್ಷೆಗೆ ಒಂದು ಬೇರಿಂಗ್ ಸಾಕು. 6202 ಎಂದು ಕೆತ್ತಿದ ಬೇರಿಂಗ್ ಯಾವ ಕಂಪನಿಯದಾದರೂ ಒಳವ್ಯಾಸ 15, ಹೊರವ್ಯಾಸ 35, ಅಗಲ 11 ಮಿಲಿಮೀಟರ್. ಬೇರಿಂಗ್ ಮಾಡುವವರು ಹೊರವ್ಯಾಸವನ್ನು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿಗೆ ಹಿಡಿದಿರುತ್ತಾರೆ. ಅಂದರೆ ಕಡಿಮೆ ಬೆಲೆಗೆ ಮೂರು ನಂಬಿಕಸ್ಥ ಅಳತೆ ಕೈಗೆ ಸಿಕ್ಕಂತೆ. ಮೊದಲು ವರ್ನಿಯರಿನ ದವಡೆ ಒರೆಸಿ ಮುಚ್ಚಿ ಸೊನ್ನೆ ಮಾಡಿ. ಹತ್ತು ಸಲ ತೆರೆದು ಮುಚ್ಚಿ, ಪ್ರತಿ ಸಲ ಸೊನ್ನೆಗೇ ಬರಬೇಕು. ಆಮೇಲೆ ಬೇರಿಂಗಿನ ಹೊರ ಬಳೆ ಹಿಡಿಯಿರಿ. 34.97ರಿಂದ 35.03ರ ಒಳಗೆ ತೋರಿಸಿದರೆ ನಮ್ಮ ಕೆಲಸಕ್ಕೆ ಧಾರಾಳ. ದವಡೆಯ ಬೇರು, ನಡು, ತುದಿ ಮೂರು ಕಡೆ ಹಿಡಿದು ನೋಡಿ, ತುದಿಯಲ್ಲಿ ಬೇರೆ ಸಂಖ್ಯೆ ಬಂದರೆ ದವಡೆ ಓರೆಯಾಗಿದೆ, ಹಿಂದಿರುಗಿಸಿ.

ಫೀಲರ್ ಗೇಜ್, ಅಂದರೆ ವಾಲ್ವಿನ ಸಂದು ಅಳೆಯುವ ತೆಳು ಪಟ್ಟಿಗಳ ಗೊಂಚಲು. ಅಗ್ಗದ್ದು ಸಾಕು. 0.10, 0.15, 0.20, 0.25, 0.30 ಈ ಐದು ಪಟ್ಟಿಗಳ ಎಣ್ಣೆ ಒರೆಸಿ ಒಟ್ಟಿಗೆ ಒತ್ತಿ, ಈಗ ಪರೀಕ್ಷಿಸಿದ ವರ್ನಿಯರಿನಲ್ಲಿ ಹಿಡಿಯಿರಿ. ಒಂದು ಮಿಲಿಮೀಟರ್ ಬರಬೇಕು.

ಮಲ್ಟಿಮೀಟರ್: ಇನ್ನೂರು-ಮುನ್ನೂರು ರೂಪಾಯಿಯ ಹಳದಿ ಮೀಟರ್ ಗಾಡಿಯ 12 ವೋಲ್ಟಿಗೆ ಒಳ್ಳೆಯ ಸಂಗಾತಿ. ಪೂರ್ತಿ ಚಾರ್ಜಾಗಿ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5. ಇಷ್ಟು ನೋಡಲು ಅದು ಸಾಕು. ಅದೇ ಮೀಟರ್ ಹಿಡಿದು ಹೊಲದ ಮೂರು ಫೇಸಿನ ಪಂಪ್ ಸ್ಟಾರ್ಟರ್ ಮುಟ್ಟಬೇಡಿ. ಅಲ್ಲಿ ಫೇಸಿನಿಂದ ಫೇಸಿಗೆ 415 ವೋಲ್ಟ್. ಮೀಟರಿನ ಮೇಲೆ 750 ಎಂದು ಬರೆದಿರಬಹುದು, ಆದರೆ 10 ಆಂಪಿಯರಿನ ತೂತಿನ ಪಕ್ಕ "ಅನ್‌ಫ್ಯೂಸ್ಡ್" ಎಂದೂ ಸಣ್ಣಕ್ಷರದಲ್ಲಿ ಇರುತ್ತದೆ. ಅಂದರೆ ಆ ದಾರಿಯಲ್ಲಿ ಫ್ಯೂಸೇ ಇಲ್ಲ. ಕೆಂಪು ವೈರು ಮರೆತು ಆ ತೂತಿನಲ್ಲೇ ಉಳಿದಿದ್ದಾಗ ಕರೆಂಟು ಮುಟ್ಟಿದರೆ ನೇರ ಶಾರ್ಟ್, ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಪಂಪಿನ ಪ್ಯಾನೆಲ್ಲಿಗೆ ಕ್ಯಾಟ್ 3 (ಮೀಟರಿನ ಸುರಕ್ಷತೆಯ ದರ್ಜೆ), 600 ವೋಲ್ಟ್ ಎಂದು ನಮೂದಾದ, ಒಳಗೆ ಫ್ಯೂಸ್ ಇರುವ, ಹೆಸರಿರುವ ಕಂಪನಿಯ ಮೀಟರೇ ಬೇಕು. ಮನೆಯ ಬೋರ್ಡಿಗೂ ಅದೇ ಇರಲಿ.

ಟಾರ್ಕ್ ರೆಂಚ್: ಟಾರ್ಕ್ ಎಂದರೆ ತಿರುಗಿಸುವ ಬಲ, ನ್ಯೂಟನ್ ಮೀಟರಿನಲ್ಲಿ ಹೇಳುತ್ತಾರೆ. ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುವ ಪಾನಾ ಇದು. ಕೊಳ್ಳುವಾಗಲೇ ಒಂದು ಮೋಸ ಹೋಗುವ ಜಾಗವಿದೆ. ಅಗ್ಗಕ್ಕೆ ಸಿಗುವ ಅರ್ಧ ಇಂಚಿನದು ಹೆಚ್ಚಾಗಿ 28ರಿಂದ 210 ನ್ಯೂಟನ್ ಮೀಟರಿನದು. ಕಾರಿನ ಚಕ್ರದ ನಟ್ಟಿಗೆ ಅದು ಸರಿ. ಬೈಕಿನ 10 ಮಿಲಿಮೀಟರ್ ಪ್ಲಗ್ಗಿಗೆ ಬೇಕಾದದ್ದು 10ರಿಂದ 12 ಅಷ್ಟೇ, ಆ ರೆಂಚು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಟಕ್ ಎನ್ನಲಿ ಎಂದು ಕಾಯುತ್ತ ತಿರುಗಿಸಿದವರು ಎಂಜಿನ್ ಹೆಡ್ಡಿನ ಥ್ರೆಡ್ ಕಿತ್ತಿದ್ದಾರೆ. ಬೈಕಿಗೆ 5ರಿಂದ 25ರ ಸಣ್ಣ ರೆಂಚ್ ಬೇರೆ ಬೇಕು. ಅದು ಇಲ್ಲದಿದ್ದರೆ ಹೊಸ ಪ್ಲಗ್ ಕೈಯಿಂದ ಪೂರ್ತಿ ಕೂತ ಮೇಲೆ ಪಾನಾದಿಂದ ಸುಮಾರು ಅರ್ಧ ಸುತ್ತು ಸಾಕು. ನಿಮ್ಮ ಗಾಡಿಯ ನಿಖರ ಅಂಕಿ ಮಾತ್ರ ಅದರ ಸರ್ವಿಸ್ ಪುಸ್ತಕದಲ್ಲೇ ನೋಡಿ.

ದೊಡ್ಡ ರೆಂಚನ್ನು ಪರೀಕ್ಷಿಸಲು ಹತ್ತು ಕಿಲೋ ಜೋಳದ ಚೀಲ ಸಾಕು. ಕಿರಾಣಿ ಅಂಗಡಿಯ ಕಾಟಾದಲ್ಲಿ ತೂಗಿಸಿ ತನ್ನಿ. ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ, ಅಂದರೆ ಮೇಜಿಗೆ ಕೂರಿಸಿದ ಕಬ್ಬಿಣದ ದವಡೆಯಲ್ಲಿ, ಬಿಗಿದು, ಹಿಡಿ ಅಡ್ಡಲಾಗಿ, ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡಿ. ಭಾರ ಬಿದ್ದಾಗ ಬೋಲ್ಟು ಬಿಗಿಯಾಗುವ ದಿಕ್ಕಿಗೇ ತಿರುಗುವಂತಿರಲಿ. ಚೌಕದ ನಡುವಿನಿಂದ ಸರಿಯಾಗಿ 40 ಸೆಂಟಿಮೀಟರ್ ಅಳೆದು ಗುರುತು ಹಾಕಿ, ಅಲ್ಲಿಗೆ ಚೀಲವನ್ನು ಹಗ್ಗದಿಂದ ತೂಗುಹಾಕಿ ಮೆಲ್ಲಗೆ ಕೈಬಿಡಿ. ಹತ್ತು ಕಿಲೋವನ್ನು 9.8ರಿಂದ ಗುಣಿಸಿದರೆ 98 ನ್ಯೂಟನ್, ಅದನ್ನು 0.4 ಮೀಟರಿಗೆ ಗುಣಿಸಿದರೆ ಸುಮಾರು 39 ನ್ಯೂಟನ್ ಮೀಟರ್. ರೆಂಚಿನ ಸ್ವಂತ ಭಾರ ಇನ್ನೊಂದೆರಡು-ಮೂರು ಸೇರಿಸುತ್ತದೆ. ಆದ್ದರಿಂದ ರೆಂಚನ್ನು 35ಕ್ಕೆ ಇಟ್ಟಾಗ ಟಕ್ ಎನ್ನಲೇಬೇಕು, 50ಕ್ಕೆ ಇಟ್ಟಾಗ ಎನ್ನಲೇಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದನ್ನು ನಂಬಬೇಡಿ. ಚೀಲದ ಕೆಳಗೆ ಕಾಲು ಇಡಬೇಡಿ.

ಹಂತ 6: ಕರೆಂಟು, ಬ್ಯಾಟರಿಯ ಸಾಮಾನು

ಬ್ಯಾಟರಿ ಡ್ರಿಲ್ಲಿನ ಡಬ್ಬಿಯ ಮೇಲೆ 48, 88, 128 ಎಂದು ದೊಡ್ಡ ಸಂಖ್ಯೆ, ಪಕ್ಕದಲ್ಲಿ ವಿಎಫ್ ಎಂಬ ಅಕ್ಷರ ಕಂಡರೆ ಎಚ್ಚರ. ಅದು ವೋಲ್ಟಲ್ಲ. ಚಾರ್ಜರ್ ಎತ್ತಿ ಅದರ ಮೇಲಿನ ಔಟ್‌ಪುಟ್ ಓದಿ. 21 ವೋಲ್ಟ್ ಎಂದಿದ್ದರೆ ಒಳಗೆ ಐದು ಲಿಥಿಯಂ ಸೆಲ್ಲುಗಳ ಸಾಲು ಇದೆ. ಒಂದೊಂದು ಸೆಲ್ಲು ಸಾಧಾರಣವಾಗಿ 3.6, ಪೂರ್ತಿ ತುಂಬಿದಾಗ 4.2 ವೋಲ್ಟ್. ಹಾಗಾದರೆ ಅದು ನಿಜದಲ್ಲಿ 18 ವೋಲ್ಟಿನ ಮಷಿನ್ನು. ಗೋಡೆಗೆ ಎರಡು ಮೊಳೆಯ ತೂತು, ಬಾಗಿಲ ಸ್ಕ್ರೂ ಇಷ್ಟೇ ಕೆಲಸವಿದ್ದರೆ ಅದನ್ನೂ ಕೊಳ್ಳಬಹುದು. ಆದರೆ ಬ್ಯಾಟರಿ ಸತ್ತ ದಿನ ಅದೇ ಆಕಾರದ ಬ್ಯಾಟರಿ ನಿಮ್ಮೂರಲ್ಲಿ ಸಿಗುತ್ತದೆಯೇ ಎಂದು ಮೊದಲೇ ಅಂಗಡಿಯವರನ್ನು ಕೇಳಿ. ಸಿಗದಿದ್ದರೆ ವೈರಿರುವ ಡ್ರಿಲ್ಲು ಎಷ್ಟೋ ವಾಸಿ.

ಗ್ರೈಂಡರ್ ಸಾಧಾರಣದ್ದಿರಲಿ, ಡಿಸ್ಕು ಮಾತ್ರ ಒಳ್ಳೆಯದೇ ಬೇಕು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಒಳ್ಳೆಯ 100 ಮಿಲಿಮೀಟರ್ ಡಿಸ್ಕಿನ ಮೇಲೆ 15,000ಕ್ಕೂ ಮೇಲಿನ ಮಿತಿ ನಮೂದಾಗಿರುತ್ತದೆ. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಅದು ಡಿಸ್ಕಿನ ಅವಧಿ. ಅಂಟು ಹಳತಾದ ಡಿಸ್ಕು ತಿರುಗುವಾಗ ಒಡೆಯಬಹುದು. ಅವಧಿ ಮುಗಿದದ್ದು, ಒದ್ದೆಯಾದದ್ದು, ಬಿದ್ದು ಅಂಚು ಮುಕ್ಕಾದದ್ದು ಎಸೆದುಬಿಡಿ. ಐದಿಂಚಿನ ಡಿಸ್ಕು ಕೂರಲಿ ಎಂದು ಗಾರ್ಡ್ ಬಿಚ್ಚುವ ಚಟ ನಮ್ಮ ಕಡೆ ಬಹಳ. ದಯವಿಟ್ಟು ಮಾಡಬೇಡಿ. ಕೈಯಲ್ಲಿ ಒಡೆದ ಡಿಸ್ಕಿನ ಚೂರನ್ನು ತಡೆಯುವುದು ಆ ಗಾರ್ಡ್ ಒಂದೇ. ಲುಂಗಿ ಉಟ್ಟು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಗ್ರೈಂಡರ್ ಹಿಡಿಯಬೇಡಿ. ಗಾಗಲ್ ಇಲ್ಲದೆ ಒಂದು ಸೆಕೆಂಡೂ ಬೇಡ.

ಹಂತ 7: ಗುಜರಿಯಲ್ಲಿ ಹುಡುಕುವುದು

ಹೊಸ ಅಗ್ಗದ ಪಾನಾಕ್ಕಿಂತ ಹಳೆಯ ಒಳ್ಳೆಯ ಪಾನಾ ಮೇಲು. ಕಾರ್ಖಾನೆಗಳಿರುವ ಬೆಳಗಾವಿಯಂಥ ಊರಿನ ಗುಜರಿಯಲ್ಲಿ ತುಕ್ಕಿನ ಕೆಳಗೆ ಒಳ್ಳೆಯ ಫೋರ್ಜ್ ಮಾಡಿದ (ಕಾಯಿಸಿ ಬಡಿದು ಮಾಡಿದ) ಪಾನಾ, ವೈಸು, ಸುತ್ತಿಗೆ ತಲೆ ಸಿಗುತ್ತವೆ. ಮೇಲಿನ ತುಕ್ಕಿಗೆ ಹೆದರಬೇಡಿ, ಸೀಮೆಎಣ್ಣೆ ಮತ್ತು ತಂತಿ ಬ್ರಶ್ಶಿಗೆ ಹೋಗುತ್ತದೆ. ಬಾಯಿ ಹಿಗ್ಗಿದೆಯೇ ಎಂದು ಜೇಬಿನ ಬೋಲ್ಟು ಹಾಕಿ ನೋಡಿ. ವೆಲ್ಡ್ ಮಾಡಿದ ಗುರುತಿದ್ದರೆ, ತಲೆ ಅಣಬೆಯಂತೆ ಅರಳಿದ ಉಳಿಯಾಗಿದ್ದರೆ ಬಿಡಿ. ಜ್ಯಾಕ್ ಸ್ಟ್ಯಾಂಡು, ಟಾರ್ಕ್ ರೆಂಚು, ಗ್ರೈಂಡರ್ ಡಿಸ್ಕು ಈ ಮೂರನ್ನು ಗುಜರಿಯಲ್ಲಿ ಎಂದೂ ಕೊಳ್ಳಬೇಡಿ.

ಹಂತ 8: ಒಳ್ಳೆಯದನ್ನೂ ಕೆಡಿಸುವ ತಪ್ಪುಗಳು

ರ‍್ಯಾಚೆಟ್ಟಿನ ಹಿಡಿಗೆ ಪೈಪು ತುರುಕಿ ಬಲ ಹಾಕುವುದು ಮೊದಲನೆಯದು. ಬಿಗಿದ ನಟ್ಟನ್ನು ಮೊದಲು ಹಲ್ಲಿಲ್ಲದ ಉದ್ದ ಹಿಡಿಯಿಂದ ಸಡಿಲಿಸಿ, ಆಮೇಲೆ ರ‍್ಯಾಚೆಟ್ ಹಾಕಿ. ತುಕ್ಕು ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಅರ್ಧ ಬಲಕ್ಕೆ ಬರುತ್ತದೆ. ಹೊಳೆಯುವ ಕ್ರೋಮ್ ಗೋಟಿಯನ್ನು ಇಂಪ್ಯಾಕ್ಟ್ ಗನ್ನಿಗೆ, ಅಂದರೆ ಬಡಿಯುತ್ತ ನಟ್ಟು ತಿರುಗಿಸುವ ಮಷಿನ್ನಿಗೆ, ಹಾಕಬೇಡಿ, ಅದು ಸಿಡಿಯಬಹುದು. ಅದಕ್ಕೆಂದೇ ದಪ್ಪ ಗೋಡೆಯ ಕಪ್ಪು ಗೋಟಿಗಳಿವೆ. ಟಾರ್ಕ್ ರೆಂಚಿನಿಂದ ನಟ್ಟು ಬಿಚ್ಚಬೇಡಿ, ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಅಂಕಿಗೆ ಇಳಿಸಿಟ್ಟರೆ ಒಳಗಿನ ಸ್ಪ್ರಿಂಗು ಬಾಳುತ್ತದೆ.

ಇನ್ನು ಮಳೆ. ವಿಜಯಪುರದಲ್ಲಿ ಪಾನಾ ವರ್ಷಗಟ್ಟಲೆ ಗೂಟಕ್ಕೆ ನೇತುಬಿದ್ದರೂ ಧೂಳು ಕೂರುತ್ತದೆ ಹೊರತು ತುಕ್ಕು ಅಷ್ಟಾಗಿ ಹಿಡಿಯುವುದಿಲ್ಲ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ ಮಾತ್ರ ಬೇರೆಯೇ ಲೆಕ್ಕ. ಕಪ್ಪು ಬಣ್ಣದ ಪಾನಾ, ಆಲನ್ ಕೀಗಳಿಗೆ ಹದಿನೈದು ದಿನದಲ್ಲಿ ಕೆಂಪು ಚುಕ್ಕಿ ಬರುತ್ತದೆ. ಮಳೆಗಾಲದ ಮೊದಲು ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಎಂಜಿನ್ ಆಯಿಲ್ ಅದ್ದಿ ಹಿಂಡಿದ ಬಟ್ಟೆಯನ್ನು ಒಮ್ಮೆ ಆಡಿಸಿ ಡಬ್ಬಿಗೆ ಹಾಕಿ. ಡಬ್ಬಿಯನ್ನು ನೆಲಕ್ಕೆ ಇಡಬೇಡಿ, ಹಲಗೆಯ ಮೇಲಿಡಿ. ಡಬ್ಬಿಯೊಳಗಿನ ಸ್ಪಂಜು ನೀರು ಹೀರಿಕೊಂಡು ಪಾನಾಗಳನ್ನು ತೇವದಲ್ಲೇ ಮಲಗಿಸುತ್ತದೆ, ಅದನ್ನು ಕಿತ್ತು ಹಾಕಿ ದಪ್ಪ ಕಾಟನ್ ಬಟ್ಟೆ ಹಾಸಿ. ಅಗ್ಗದ ಪಾನಾದ ಕ್ರೋಮ್ ಪದರ ಸಿಪ್ಪೆಯಂತೆ ಏಳತೊಡಗಿದರೆ ಅದನ್ನು ಆ ದಿನವೇ ಬದಿಗಿಡಿ, ಆ ಸಿಪ್ಪೆಯ ಅಂಚು ಬ್ಲೇಡಿನಂತೆ ಅಂಗೈ ಕೊಯ್ಯುತ್ತದೆ.